ನೀರು ಬಿದ್ದ ಹಿಟ್ಟು

ಆ ಬ್ರೆಡ್ ಮಶೀನನ್ನು ಮಸ್ಕತ್ತಿನಿಂದ ಹೊತ್ತು ತಂದದ್ದಕ್ಕೆ ನನ್ನನ್ನು ನಾನೇ ಎಷ್ಟೋ ಸಲ ಬೈದುಕೊಂಡಿದ್ದೇನೆ. ಬೈಸಿಕೊಳ್ಳಬೇಕಾದವರು ಇನ್ನೂ ಇದ್ದಾರೆ, ಅವರ ಪಾಲಿನದು ಅವರಿಗೆ ಮುಂದೆ ಸಿಗುತ್ತದೆ. ಮೊದಲು ನನ್ನ ಅವ್ವನ ವಿಷಯ ಹೇಳುತ್ತೇನೆ, ಏಕೆಂದರೆ ಇದು ಅವಳ ಕಥೆ. ಅವಳ ಮೇಲೂ ನನಗೆ ಸಿಟ್ಟಿತ್ತು. ಅದನ್ನು ಮುಚ್ಚಿಡುವುದಿಲ್ಲ.

ಹೆಸರು ಸುಂದರವ್ವ. ಹುಟ್ಟಿದ್ದು ಹಲಸಂಗಿಯಲ್ಲಿ, ಕೊಟ್ಟದ್ದು ಇಂಡಿಗೆ, ಗೌಂಡಿ ಕೆಲಸದ ಭೀಮಶ್ಯಾನಿಗೆ. ಅವನೇ ನನ್ನ ಅಪ್ಪ. ಅವ್ವನದು ಕುಳ್ಳ ಮೈಕಟ್ಟು, ಅಗಲವಾದ ಅಂಗೈ. ಆ ಅಂಗೈ ತಟ್ಟಿದ ಜೋಳದ ರೊಟ್ಟಿಗೆ ನಮ್ಮ ಓಣಿಯಲ್ಲಿ ಸಾಟಿಯಿರಲಿಲ್ಲ. ಮದುವೆ ಮನೆಯಿರಲಿ, ಸತ್ತವರ ಮನೆಯಿರಲಿ, ಹಿಟ್ಟಿನ ಪರಾತದ ಮುಂದೆ ಅವಳನ್ನೇ ಕೂಡಿಸುತ್ತಿದ್ದರು. ಅವಳೂ ಅದಕ್ಕೆ ತಕ್ಕ ಹಾಗೆ ಬೀಗುತ್ತಿದ್ದಳು. ಬೇರೆ ಹೆಂಗಸರ ರೊಟ್ಟಿಯನ್ನು ಎತ್ತಿ ಹಿಡಿದು, "ಇದೇನ ರೊಟ್ಟಿನೋ, ಇಂಡಿ ತಾಲೂಕಿನ ನಕಾಶಿನೋ?" ಎಂದು ಅವರ ಎದುರಿಗೇ ಕೇಳುವವಳು.

ಇಂಥ ಹೆಂಗಸು ಮೂವತ್ತೊಂದು ವರ್ಷ ಬಸಂತರಾಯ ಸಾವಕಾರರ ಮನೆಯಲ್ಲಿ ತಲೆ ತಗ್ಗಿಸಿಕೊಂಡು ದುಡಿದಳು. ಸಾವಕಾರರಿಗೆ ಸಾಲೋಟಗಿ ರಸ್ತೆಯಲ್ಲಿ ನಿಂಬೆ ತೋಟ, ಅದರಾಚೆ ಜೋಳದ ಹೊಲ. ದನದ ಕೊಟ್ಟಿಗೆ ಬಳಿಯುವುದು, ಅಂಗಳ ಸಾರಿಸುವುದು, ಜೋಳ ಹಸನು ಮಾಡುವುದು, ಗಿರಣಿಗೆ ಹೊತ್ತು ಹಾಕಿಸಿಕೊಂಡು ಬರುವುದು, ಇಷ್ಟೂ ಅವ್ವನ ಕೆಲಸ. ಆ ಮನೆಯಲ್ಲಿ ಸಾವಕಾರರದೇನೂ ನಡೆಯುತ್ತಿರಲಿಲ್ಲ. ನಡೆಯುತ್ತಿದ್ದದ್ದು ಅವರ ಹೆಂಡತಿ ರುಕ್ಮವ್ವನ ಕಾನೂನು. ಅದು ಹೀಗಿತ್ತು: ಕಾಳನ್ನು ಅವ್ವ ಮುಟ್ಟಬಹುದು. ಕೇರಬಹುದು, ಹರಳು ಆರಿಸಬಹುದು. ಬೀಸಿದ ಹಿಟ್ಟಿನ ಡಬ್ಬಿಯನ್ನು ತಲೆಯ ಮೇಲೆ ಹೊತ್ತು ತಂದು ಹಿತ್ತಲ ಕಡೆಯಿಂದ ಅಡುಗೆಮನೆಯ ಹೊಸ್ತಿಲಿಗೆ ಇಡಬಹುದು. ಒಣ ಹಿಟ್ಟಿಗೆ ಮೈಲಿಗೆಯಿಲ್ಲ. ಆದರೆ ಅದರ ಮೇಲೆ ನೀರು ಬಿತ್ತೋ, ಅವ್ವ ದೂರ ನಿಲ್ಲಬೇಕು. ನೀರು ಬಿದ್ದ ಹಿಟ್ಟಿಗೂ ನಮಗೂ ಸಂಬಂಧವಿಲ್ಲ.

ನನಗೆ ಹನ್ನೆರಡು ವರ್ಷವಿದ್ದಾಗ ಒಂದು ದಿನ ಆ ಮನೆಯ ಕಟ್ಟೆಯ ಮೇಲಿಟ್ಟಿದ್ದ ನಾದಿದ ಹಿಟ್ಟಿನ ಪರಾತ ಜಾರಿತು. ಕೆಳಗೆ ಕೂತಿದ್ದ ಅವ್ವ ಎರಡೂ ಕೈಯಿಂದ ಹಿಡಿದು ಉಳಿಸಿದಳು. ಉಳಿಸಿದ್ದಕ್ಕೆ ರುಕ್ಮವ್ವ ಆ ಹಿಟ್ಟನ್ನಷ್ಟೂ ಎಮ್ಮೆಗೆ ಹಾಕಿಸಿದಳು. ಅವ್ವ ಮನೆಗೆ ಬಂದು ಇದನ್ನು ನಗುತ್ತ ಹೇಳಿದಳು. ಎಮ್ಮೆಗೆ ಹಬ್ಬವಾಯಿತು ಎಂದಳು. ಆ ನಗು ನೆನಪಾದರೆ ಈಗಲೂ ನನಗೆ ಮೈ ಉರಿಯುತ್ತದೆ.

ಅಪ್ಪ ಬೌದ್ಧ ದೀಕ್ಷೆ ತೆಗೆದುಕೊಂಡು ಗೋಡೆಗೆ ಬುದ್ಧನ ಫೋಟೋ ಹಾಕಿದ ಮೇಲೆ ಅಂಥ ಮನೆಗಳ ಮೆಟ್ಟಿಲು ಹತ್ತಲಿಲ್ಲ. ಅವ್ವನಿಗೂ ಹೋಗಬೇಡ ಎಂದ. ಜಗಳವಾಡಿದ. ಎರಡು ಸಲ ಊಟ ಬಿಟ್ಟ. ಅವ್ವ ಅವನ ಮುಂದೆ ಹೂಂ ಎನ್ನುವಳು, ಬೆಳಗಾದರೆ ಸೆರಗು ಸುತ್ತಿಕೊಂಡು ಅಲ್ಲಿಗೇ ಹೋಗುವಳು. ಅಪ್ಪ ಸತ್ತ ವರ್ಷ ನಾನು ನರ್ಸಿಂಗ್ ಕಲಿಯುತ್ತಿದ್ದೆ, ಆಗ ದುಡಿಮೆ ಬೇಕಿತ್ತು, ಸರಿ. ಆಮೇಲೆ ನನಗೆ ಕೆಲಸ ಸಿಕ್ಕಿತು. ಮೂರು ವರ್ಷ ಮಸ್ಕತ್ತಿನ ಆಸ್ಪತ್ರೆಯಲ್ಲಿದ್ದೆ. ಎರಡು ಸಾವಿರದ ನಾಲ್ಕರಲ್ಲಿ ವಾಪಸ್ ಬಂದು ಇಂಡಿಯಲ್ಲೇ ಒಂದು ಖಾಸಗಿ ದವಾಖಾನೆ ಸೇರಿದೆ. ಮನೆಯಲ್ಲಿ ಯಾವುದಕ್ಕೂ ಕಡಿಮೆಯಿರಲಿಲ್ಲ. ಆದರೂ ಅವ್ವ ಹೋಗುವುದನ್ನು ಬಿಡಲಿಲ್ಲ.

"ಯಾಕ ಹೋಗ್ತಿ?" ಎಂದು ನಾನು ಕೇಳಿದರೆ, "ಅವರ ಮನಿ ಜ್ವಾಳ ನನ್ನ ಕೈಲೆ ಹಸನಾದಂಗ ಬ್ಯಾರೆಯವರ ಕೈಲೆ ಆಗಂಗಿಲ್ಲವಾ" ಎನ್ನುತ್ತಿದ್ದಳು. ಎಂಥ ಉತ್ತರ ಇದು! ನನಗೆ ಅವಳಿಂದ ಒಂದೇ ಒಂದು ಬೇಕಾಗಿತ್ತು. ಆ ಮನೆಯ ರುಕ್ಮವ್ವನ ಎದುರು ನಿಂತು ಒಂದು ಸಲ, ಒಂದೇ ಸಲ, ಆಗುವುದಿಲ್ಲ ಎಂದು ಬಾಯಿ ಬಿಟ್ಟು ಹೇಳಬೇಕು. ಅಪ್ಪನಿಗೆ ಅದನ್ನು ನೋಡುವ ಭಾಗ್ಯವಿರಲಿಲ್ಲ, ನನಗಾದರೂ ಇರಲಿ ಎಂದುಕೊಂಡಿದ್ದೆ.

ಇನ್ನು ಮಶೀನು. ಮಸ್ಕತ್ತಿನಲ್ಲಿ ನನ್ನ ಕೋಣೆಯಲ್ಲಿದ್ದ ಕೇರಳದ ನರ್ಸ್ ಊರಿಗೆ ಹೋಗುವಾಗ ನನಗೆ ಬಿಟ್ಟುಹೋದದ್ದು. ಬಿಳಿ ಬಣ್ಣದ ಡಬ್ಬ, ಮೇಲೆ ಮುಚ್ಚಳ, ಒಳಗೆ ಚೌಕನೆಯ ಪಾತ್ರೆ, ಪಾತ್ರೆಯ ತಳದಲ್ಲಿ ತಿರುಗುವ ಒಂದು ಸಣ್ಣ ರೆಕ್ಕೆ. ಬೆಚ್ಚಗಿನ ನೀರು, ಎಣ್ಣೆ, ಉಪ್ಪು, ಸಕ್ಕರೆ, ಹಾಲಿನ ಪುಡಿ, ಅದರ ಮೇಲೆ ಮೈದಾ, ಮೈದಾದ ನಡುವೆ ಗುಳಿ ಮಾಡಿ ಈಸ್ಟ್. ಮುಚ್ಚಳ ಹಾಕಿ ಬಟನ್ ಒತ್ತಿದರೆ ಅದೇ ನಾದುತ್ತದೆ, ಅದೇ ಉಬ್ಬಿಸುತ್ತದೆ, ಅದೇ ಸುಡುತ್ತದೆ. ಸಾವಕಾಶದ ಬ್ರೆಡ್ಡಿಗೆ ಮೂರು ತಾಸಿನ ಮೇಲೆ ಬೇಕು. ಇಂಡಿಯಲ್ಲಿ ಯಾವ ಪುಣ್ಯಾತ್ಮ ಮೂರು ತಾಸು ಒಂದೇ ಸಮನೆ ಕರೆಂಟು ಕೊಡುತ್ತಾನೆ? ಮುಂಜಾನೆ ಹತ್ತಕ್ಕೆ ಬಂದದ್ದು ಹನ್ನೆರಡಕ್ಕೆ ಹೋಗುತ್ತಿತ್ತು. ಅದಕ್ಕೆ ನಮ್ಮದು ಯಾವಾಗಲೂ ಕ್ವಿಕ್ ಬ್ರೆಡ್ಡು. ಈಸ್ಟ್ ಚೂರು ಜಾಸ್ತಿ, ನೀರು ಚೂರು ಬಿಸಿ, ಒಂದು ತಾಸು ನಲವತ್ತು ನಿಮಿಷಕ್ಕೆ ಮಶೀನು ಕೂಗಿ ಕರೆಯುತ್ತಿತ್ತು. ಈಸ್ಟನ್ನು ಬಸ್‌ಸ್ಟ್ಯಾಂಡ್ ಹತ್ತಿರದ ಬೇಕರಿಯ ಬಂದಗಿಸಾಬ ತಾನು ಸೊಲ್ಲಾಪುರದಿಂದ ತರಿಸುವಾಗ ನನಗೂ ಒಂದು ಪೊಟ್ಟಣ ತರಿಸಿಕೊಡುತ್ತಿದ್ದ.

ಅವ್ವನಿಗೆ ಮೊದಲು ಅದನ್ನು ಕಂಡರೆ ಆಗುತ್ತಿರಲಿಲ್ಲ. ನಮ್ಮ ಕಡೆ ಬ್ರೆಡ್ಡು ಎಂದರೆ ಜಡ್ಡಾದವರ ಕೂಳು. ದವಾಖಾನೆಗೆ ಹೋಗುವವರ ಕೈಚೀಲದಲ್ಲಿ ಮಾತ್ರ ಇರುತ್ತದೆ. ನಾನು ಮೊದಲ ಬ್ರೆಡ್ಡು ಕೊಯ್ದು ಕೊಟ್ಟಾಗ ಅವ್ವ ಅದನ್ನು ಬೆರಳಲ್ಲಿ ಒತ್ತಿ, "ಇದು ಹತ್ತಿ ಐತಿ. ನನಗೇನ ಜ್ವರ ಬಂದೈತಿ ಇದನ್ನ ತಿನ್ನಾಕ?" ಎಂದು ತಟ್ಟೆ ಸರಿಸಿದಳು. ಆದರೆ ಕಣ್ಣಿಟ್ಟು ನೋಡುತ್ತಿದ್ದಳು. ನಾನು ಡ್ಯೂಟಿಗೆ ಹೋದಾಗ ತಾನೇ ಮಾಡಿ ನೋಡಿದಳಂತೆ. ಓದಲು ಬಾರದು, ಬಟನ್ನನ್ನು ಮೂರು ಸಲ ಒತ್ತಿದರೆ ಕ್ವಿಕ್ ಎಂದು ನೆನಪಿಟ್ಟುಕೊಂಡಿದ್ದಳು. ನಾಲ್ಕು ದಿನದಲ್ಲಿ ಅವಳ ಬ್ರೆಡ್ಡು ನನ್ನದಕ್ಕಿಂತ ಚೆನ್ನಾಗಿ ಉಬ್ಬಿತು. ಮುಚ್ಚಳದ ಗಾಜಿನಲ್ಲಿ ಇಣುಕಿ, ಹಿಟ್ಟು ಗಟ್ಟಿಯಾಯಿತು, ಒಂದು ಚಮಚೆ ನೀರು ಸಾಲದಾಯಿತು ಎಂದು ಮಶೀನಿಗೇ ಬುದ್ಧಿ ಹೇಳುತ್ತಿದ್ದಳು.

ಮುಂದಿನ ವರ್ಷ ಬೇಸಿಗೆ ಶುರುವಾಗುವ ಹೊತ್ತಿಗೆ ರುಕ್ಮವ್ವನಿಗೆ ಟೈಫಾಯ್ಡ್ ಆಯಿತು. ನನ್ನ ದವಾಖಾನೆಗೇ ತಂದು ಹಾಕಿದರು. ಹನ್ನೊಂದು ದಿನ ಅವಳಿಗೆ ಸಲಾಯಿನ್ ಹಚ್ಚಿದವಳು ನಾನು. ಸೂಜಿ ಚುಚ್ಚಿದವಳು, ಬೆವರು ಒರೆಸಿದವಳು, ಮಲದ ಪಾತ್ರೆ ಇಟ್ಟು ತೆಗೆದವಳು ನಾನು. ಅದಕ್ಕೆಲ್ಲ ನನ್ನ ಕೈ ನಡೆಯುತ್ತಿತ್ತು. ಕುಡಿಯುವ ನೀರನ್ನು ಮಾತ್ರ ಸೊಸೆ ವಿದ್ಯಾವತಿ ಬಂದೇ ಕೊಡಬೇಕು. ಮಾತ್ರೆ ನನ್ನ ಕೈಯಿಂದ, ನೀರು ಸೊಸೆಯ ಕೈಯಿಂದ. ವಿದ್ಯಾವತಿ ಬರುವುದು ತಡವಾದರೆ ಮಾತ್ರೆ ಬಾಯಲ್ಲೇ ಇಟ್ಟುಕೊಂಡು ಕಹಿ ಕುಡಿಯುತ್ತ ಮಲಗಿರುತ್ತಿದ್ದಳು. ಮಲಗಲಿ ಎಂದು ನಾನೂ ಸುಮ್ಮನಿರುತ್ತಿದ್ದೆ. ನರ್ಸ್ ಆದವಳು ಹಾಗೆ ಮಾಡಬಾರದು, ಗೊತ್ತು. ಮಾಡಿದೆ.

ಜ್ವರ ಇಳಿದ ಮೇಲೆ ಡಾಕ್ಟರು ಹಾಲು ಬ್ರೆಡ್ಡು ಕೊಡಿ ಎಂದರು. ಗಂಜಿ ಅವಳ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಬಂದಗಿಸಾಬನ ಬೇಕರಿಯಿಂದ ಬ್ರೆಡ್ಡು ತಂದರೆ ರುಕ್ಮವ್ವ ಮುಖ ತಿರುಗಿಸಿದಳು. ಬೇಕರಿಯಲ್ಲಿ ಹಿಟ್ಟನ್ನು ಕಾಲಿಂದ ತುಳಿಯುತ್ತಾರೆ ಎಂಬುದು ಅವಳ ನಂಬಿಕೆ. ಯಾರ ಕಾಲು, ಎಂಥ ಕಾಲು ಎಂದು ಬೇರೆ ಹೇಳಿದಳು. ಬಂದಗಿಸಾಬನ ಬೇಕರಿಯ ಒಳಗೆ ನಾನು ಹೋಗಿದ್ದೇನೆ, ಅವನ ಹಿಟ್ಟಿನ ಹಲಗೆ ಆ ಹೆಂಗಸಿನ ನಾಲಿಗೆಗಿಂತ ಎಷ್ಟೋ ಸ್ವಚ್ಛ.

ಆಗ ವಿದ್ಯಾವತಿ ಬಾಯಿ ತಪ್ಪಿ ನಮ್ಮ ಮಶೀನಿನ ಸುದ್ದಿ ಹೇಳಿದಳು. ರುಕ್ಮವ್ವ ಕಣ್ಣು ತೆರೆದಳು.

"ಸುವರ್ಣಾ, ನಿಮ್ಮ ಮನ್ಯಾಗ ಬ್ರೆಡ್ ಮಾಡು ಮಶೀನ ಐತಂತ?"

"ಐತ್ರಿ."

"ನಾದವರು ಯಾರು ಅದರಾಗ?"

"ಮಶೀನ ನಾದತೈತ್ರಿ."

"ಯಾರೂ ಕೈ ಹಚ್ಚೂದಿಲ್ಲ?"

"ಯಾರೂ ಹಚ್ಚೂದಿಲ್ರಿ."

ಅವಳು ಚಾವಣಿ ನೋಡುತ್ತ ವಿಚಾರ ಮಾಡಿದಳು. ಹನ್ನೊಂದು ದಿನ ಜ್ವರದಲ್ಲಿ ಬೆಂದ ತಲೆ ಆ ಒಂದು ವಿಷಯದಲ್ಲಿ ಮಾತ್ರ ವಕೀಲರ ಹಾಗೆ ಓಡಿತು. ಮೈದಾ ಒಣ ಹಿಟ್ಟು, ನಡೆಯುತ್ತದೆ. ಹಾಲಿನ ಪುಡಿ, ಸಕ್ಕರೆ, ಉಪ್ಪು, ಎಲ್ಲ ಒಣ ಸಾಮಾನು. ನೀರು ಮತ್ತು ಎಣ್ಣೆ ತನ್ನ ಮನೆಯಿಂದ ಹೋಗಲಿ, ವಿದ್ಯಾವತಿಯೇ ತನ್ನ ಕೈಯಿಂದ ಪಾತ್ರೆಗೆ ಸುರಿಯಲಿ. ಮುಚ್ಚಳ ಮುಚ್ಚಿದ ಮೇಲೆ ಸುಂದ್ರಿ ಹೊರಗಿನಿಂದ ಬಟನ್ ಒತ್ತಲಿ. ಬ್ರೆಡ್ಡಾದ ಮೇಲೆ ಕೈ ತಾಗಿಸದೆ ಪಾತ್ರೆಯ ಹಿಡಿಕೆ ಹಿಡಿದು ತಂದು, ತಮ್ಮ ಮನೆಯ ತಟ್ಟೆಗೆ ಬೋರಲು ಹಾಕಲಿ. ಮಶೀನನ್ನೇ ತಮ್ಮ ಮನೆಗೆ ಒಯ್ಯೋಣವೇ ಎಂದು ವಿದ್ಯಾವತಿ ಮೆಲ್ಲಗೆ ಕೇಳಿದಳು. "ಅವರ ಮನಿ ಮಶೀನ ನಮ್ಮ ಅಡಿಗಿ ಮನ್ಯಾಗ? ನಿನಗ ತಲಿ ನೆಟ್ಟಗ ಐತಿಲ್ಲ?" ಎಂದಳು ಅತ್ತೆ, ನಾನು ಅಲ್ಲೇ ಅವಳ ನಾಡಿ ಹಿಡಿದು ನಿಂತಿರುವಾಗ.

"ನಮಗ ಆಗಂಗಿಲ್ರಿ" ಎಂದು ನಾನು ಕೈ ಬಿಟ್ಟು ಹೊರಗೆ ಬಂದೆ. ಹೇಳಿದ್ದಕ್ಕೆ ಏನು ಬಂತು? ಸಂಜೆ ಮನೆಗೆ ಹೋದರೆ, ಸಾವಕಾರರ ಮನೆಯಲ್ಲೇ ಸುದ್ದಿ ಕೇಳಿದ ಅವ್ವ ಆಗಲೇ ಒಪ್ಪಿಕೊಂಡು, ಮಶೀನಿನ ಪಾತ್ರೆಯನ್ನು ಬೂದಿ ಹಚ್ಚಿ ತಿಕ್ಕಲು ಕೂತಿದ್ದಳು. ಬೂದಿ ಹಚ್ಚಿದರೆ ಅದರ ಕಪ್ಪು ಲೇಪ ಕಿತ್ತುಹೋಗುತ್ತದೆ ಎಂದು ಕಿರುಚಿ ಕಸಿದುಕೊಂಡೆ.

"ಅವ್ವಾ, ಅಕಿ ಬ್ರೆಡ್ ಬೇಕು ಅಂದಿಲ್ಲ. ನಿನ್ನ ಕೈ ಬ್ಯಾಡ ಅಂದಾಳ. ಅಷ್ಟೂ ತಿಳಿಯೂದಿಲ್ಲೇನ ನಿನಗ?"

"ಹಸದಾಳವಾ. ಅರ್ಧ ಆಗ್ಯಾಳ ಮುದುಕಿ. ತಿನ್ನಲಿ ಬಿಡು."

ರುಕ್ಮವ್ವನನ್ನು ಮನೆಗೆ ಕಳಿಸಿದ ಮರುದಿನದಿಂದ ಶುರುವಾಯಿತು. ಹತ್ತಕ್ಕೆ ಕರೆಂಟು ಬರುತ್ತಿದ್ದ ಹಾಗೆ ವಿದ್ಯಾವತಿ ಒಂದು ಕ್ಯಾನು ನೀರು, ಒಂದು ಬಟ್ಟಲು ಎಣ್ಣೆ ಹಿಡಿದು ನಮ್ಮ ಬಾಗಿಲಿಗೆ ಬರುವಳು. ಬಿ.ಎ. ಓದಿದ ಹುಡುಗಿ, ನನ್ನನ್ನು ಸಿಸ್ಟರ್ ಎಂದು ಕರೆಯುವಳು, ನನ್ನ ಮುಖ ನೋಡಲು ನಾಚುವಳು. ನಾಚಿಕೊಂಡೇ ನೀರು ಸುರಿಯುವಳು. ಅಂಥ ನಾಚಿಕೆಯಿಂದ ಯಾರಿಗೇನು ಉಪಯೋಗ? ಅವ್ವ ನೀರಿಗೆ ಬೆರಳು ತಾಗದಂತೆ ಮೇಲಿನಿಂದ ಒಣ ಸಾಮಾನು ಹಾಕಿ, ಮುಚ್ಚಳ ಮುಚ್ಚಿ, ಬಟನ್ ಒತ್ತಿ, ಎರಡೂ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಕೂಡುವಳು. ಹಿಟ್ಟು ಗಟ್ಟಿಯಾದರೂ ಒಂದು ಚಮಚೆ ನೀರು ಹಾಕುವಂತಿಲ್ಲ. ನಾನು ಮನೆಯಲ್ಲಿದ್ದ ದಿನ ಅವಳ ಬೆರಳು ತುರಿಸುತ್ತಿದ್ದದ್ದು ನನಗೆ ಕಾಣುತ್ತಿತ್ತು. ಹನ್ನೆರಡರ ಒಳಗೆ ಬ್ರೆಡ್ಡು. ಬಿಸಿ ಪಾತ್ರೆಯ ಹಿಡಿಕೆಗೆ ಬಟ್ಟೆ ಸುತ್ತಿ ಬಿಸಿಲಿನಲ್ಲಿ ಆ ಮನೆಗೆ ನಡೆದು ಹೋಗುವಳು.

ಪಡಸಾಲೆಯಲ್ಲಿ ಹೊರಸಿನ ಮೇಲೆ ರುಕ್ಮವ್ವ ಕಾಯುತ್ತಿರುತ್ತಿದ್ದಳು. ಅವ್ವ ಅಂಗಳದಲ್ಲೇ ನಿಂತು ಪಾತ್ರೆ ಬೋರಲು ಹಾಕಿ ಕುಟ್ಟಿದರೆ ಚೌಕ ಬ್ರೆಡ್ಡು ವಿದ್ಯಾವತಿ ಹಿಡಿದ ತಟ್ಟೆಗೆ ಬೀಳುವುದು. ತಳದಲ್ಲಿ ಸಿಕ್ಕಿಕೊಂಡ ರೆಕ್ಕೆಯನ್ನು ವಿದ್ಯಾವತಿ ಇಕ್ಕಳದಿಂದ ಕಿತ್ತು ಅವ್ವನ ಪಾತ್ರೆಗೆ ಹಾಕುವಳು, ಬ್ರೆಡ್ಡಿನಲ್ಲಿ ಅಲ್ಲಿ ಒಂದು ತೂತು ಉಳಿಯುವುದು. ಆಮೇಲೆ ದಿನವೂ ಅದೇ ಪ್ರಶ್ನೆ.

"ಸುಂದ್ರಿ, ಕೈ ಹಚ್ಚಿಲ್ಲಲಾ?"

"ಇಲ್ರಿ ಅವ್ವಾರ."

ಇಷ್ಟಾದ ಮೇಲೆ ರುಕ್ಮವ್ವ ಹಾಲಲ್ಲಿ ಅದ್ದಿ ತಿನ್ನುವಳು. ಅವ್ವ ಅಂಗಳದಲ್ಲಿ ನಿಂತು ಅವಳು ಕೊನೆಯ ತುತ್ತು ನುಂಗುವ ತನಕ ನೋಡುವಳು. ಇದನ್ನೆಲ್ಲ ಅವ್ವನೇ ನನಗೆ ಹೇಳಿದ್ದು. ಹೇಳುವಾಗ ಮುಖದಲ್ಲಿ ಎಂಥ ಸಂತೋಷ! ಹತ್ತನೆಯ ದಿನವಿರಬೇಕು, ನಾನು ಡ್ಯೂಟಿಯಿಂದ ಬಂದು ಚಪ್ಪಲಿ ಬಿಡುತ್ತಿದ್ದೆ.

"ಇವತ್ತ ನಾಕ ತುಂಡ ತಿಂದ್ಲ ನೋಡ. ಇನ್ನೊಂದ ಬೇಡಿ ಹಾಕಿಸ್ಕೊಂಡ್ಲ. ಮೂವತ್ತೊಂದ ವರ್ಷಕ್ಕ ನಾ ಮಾಡಿದ್ದು ಅಕಿ ಹೊಟ್ಟಿಗೆ ಹೋತು" ಎಂದಳು.

ನನಗೆ ಆಗ ತಿಳಿಯಿತು. ಈ ಹೆಂಗಸು ಕೂಲಿಗಾಗಿ ಹೋಗುತ್ತಿರಲಿಲ್ಲ, ರೂಢಿಯಿಂದಲೂ ಹೋಗುತ್ತಿರಲಿಲ್ಲ. ತಾನು ಹಸನು ಮಾಡಿದ ಜೋಳವನ್ನು ಮೂವತ್ತೊಂದು ವರ್ಷ ಬೇರೆಯವರ ಕೈ ರೊಟ್ಟಿ ಮಾಡುವುದನ್ನು ನೋಡುತ್ತ, ಒಂದು ದಿನ ನನ್ನ ಕೈಯದು ತಿಂದಾಳು ಎಂದು ಕಾದಿದ್ದಳು. ಈಗ ಆ ದಿನ ಬಂತು ಎಂದು ತಿಳಿದಿದ್ದಾಳೆ. ನನಗೆ ಅಯ್ಯೋ ಎನಿಸಬೇಕಿತ್ತು. ಬಂದದ್ದು ಸಿಟ್ಟು.

"ನೀ ಎಲ್ಲಿ ಮಾಡಿದಿ?" ಎಂದೆ. "ನೀ ಮಾಡಿಲ್ಲ ಅಂತನ ಅಕಿ ತಿನ್ನಾಕತ್ತಾಳ. ನಿನ್ನ ಕೈ ತಾಗಿದ್ರ ನಾಯಿಗೆ ಹಾಕ್ತಾಳ. ದಿನಾ ಕೇಳ್ತಾಳಲ್ಲ, ಕೈ ಹಚ್ಚಿಲ್ಲಲಾ ಅಂತ. ಇಲ್ರಿ ಅಂತ ನೀನ ಹೇಳ್ತಿ. ನಾ ಮಾಡಿಲ್ರಿ ಅಂತ ದಿನಾ ನಿನ್ನ ಬಾಯಿಲೆ ಹೇಳಿ ಬರ್ತಿ, ಮತ್ತ ನಾ ಮಾಡಿದ್ದು ಅಂತಿ."

ಅವ್ವ ಬಾಯಿ ಜೋರಿನ ಹೆಂಗಸು, ನನ್ನನ್ನು ತಿರುಗಿ ಬೈಯಬೇಕಿತ್ತು. ಒಲೆಯ ಮುಂದೆ ಕೂತು ರೊಟ್ಟಿ ತಟ್ಟಿದಳು. ಹೇಳಿದ್ದಕ್ಕೆ ನನಗೆ ಪಶ್ಚಾತ್ತಾಪವಾಯಿತೇ ಎಂದು ಕೇಳಿದರೆ, ಆ ಸಂಜೆ ಆಗಲಿಲ್ಲ. ಮುಂದಿನ ಎರಡು ದಿನ ಅವಳು ಬ್ರೆಡ್ಡು ಒಯ್ದು ಕೊಟ್ಟು ಬಂದಳು, ರುಕ್ಮವ್ವ ಎಷ್ಟು ತುಂಡು ತಿಂದಳು ಎಂದು ಹೇಳಲಿಲ್ಲ. ಆಗ ಆಯಿತು.

ಮೂರನೆಯ ದಿನ ನನಗೆ ರಜೆ. ಹತ್ತಕ್ಕೆ ವಿದ್ಯಾವತಿ ನೀರು ಸುರಿದು ಹೋದಳು. ಅವ್ವ ಬಟನ್ ಒತ್ತಿದಳು. ರೆಕ್ಕೆ ಹದಿನೈದು ನಿಮಿಷ ತಿರುಗಿರಬೇಕು, ಕರೆಂಟು ಹೋಯಿತು. ಈಗ ಬಂದೀತು ಎಂದು ಕಾದೆವು. ಬರಲಿಲ್ಲ. ಹೊರ್ತಿ ಕಡೆ ಎಲ್ಲೋ ಕಂಬ ಬಿದ್ದಿದೆ, ಇನ್ನು ಸಂಜೆಗೇ ಎಂದು ಓಣಿಯಲ್ಲಿ ಯಾರೋ ಹೇಳಿಕೊಂಡು ಹೋದರು. ಮುಚ್ಚಳ ತೆಗೆದರೆ ಹಿಟ್ಟು ಅರ್ಧ ಕೂಡಿ ಅರ್ಧ ಬಿಟ್ಟು, ಅಂಟಂಟಾಗಿ ತಳದಲ್ಲಿ ಬಿದ್ದಿತ್ತು.

"ಛಲೋ ಆತು" ಎಂದೆ. "ಇವತ್ತ ಬ್ರೆಡ್ ಇಲ್ಲ ಅಂತ ಹೇಳಿ ಕಳಸು. ಉಪವಾಸ ಬೀಳಲಿ."

ಅವ್ವ ಪರಾತ ತಂದು ಆ ಹಿಟ್ಟನ್ನು ಅದರಲ್ಲಿ ಸುರಿದಳು. ಬಳೆ ಮೇಲೆ ಸರಿಸಿ, ಎರಡೂ ಕೈ ಹಾಕಿದಳು.

ಮೈದಾ ಜೋಳದ ಹಿಟ್ಟಿನ ಹಾಗಲ್ಲ, ಕೈಯನ್ನು ಹಿಡಿದುಕೊಳ್ಳುತ್ತದೆ. ಅವಳು ಮೊದಲು ಬೈದಳು, ಆಮೇಲೆ ಅದರ ಗುಣ ಸಿಕ್ಕಿತು. ಅಂಗೈಯ ಬುಡದಿಂದ ಒತ್ತಿ, ಮಡಚಿ, ತಿರುಗಿಸಿ, ಮತ್ತೆ ಒತ್ತಿ, ಅರ್ಧ ತಾಸು ನಾದಿದಳು. ನಮ್ಮ ಮನೆಯ ಕೊಡದಿಂದ ಒಂದು ಚಮಚೆ ನೀರನ್ನೂ ಹಾಕಿದಳು. ಹಿಟ್ಟು ಮಗುವಿನ ಕೆನ್ನೆಯ ಹಾಗೆ ನುಣ್ಣಗಾಯಿತು. ಅದನ್ನು ಒಂದು ದುಂಡು ಡಬ್ಬಿಗೆ ಹಾಕಿ, ಒದ್ದೆ ಬಟ್ಟೆ ಮುಚ್ಚಿ ಬಿಸಿಲಿಗೆ ಇಟ್ಟಳು. ಉಬ್ಬಿ ಅಂಚಿಗೆ ಬಂದ ಮೇಲೆ ದೊಡ್ಡ ಪಾತೇಲಿಯಲ್ಲಿ ಉಸುಕು ಹಾಸಿ ಒಲೆಗೆ ಏರಿಸಿ, ಡಬ್ಬಿ ಅದರೊಳಗಿಟ್ಟು, ಮೇಲಿನ ಮುಚ್ಚಳಕ್ಕೆ ಒಲೆಯ ಕೆಂಡ ಸುರಿದಳು. ಇದನ್ನೆಲ್ಲ ಯಾರು ಕಲಿಸಿದರು ಎಂದು ಕೇಳಿದೆ. "ಬೆಂಕಿ ಬೆಂಕಿನ ಅಲ್ಲೇನ" ಎಂದಳು. ಮೂರು ದಿನದಲ್ಲಿ ಅವಳು ನನ್ನೊಂದಿಗೆ ಆಡಿದ ಮೊದಲ ಮಾತು ಅದು.

ಬ್ರೆಡ್ಡು ದುಂಡಗೆ ಬಂತು. ಒಂದು ಬದಿ ಸೀದಿತ್ತು, ನಡುವೆ ಸಣ್ಣಗೆ ಬಿರಿದಿತ್ತು. ಅವ್ವ ಅದನ್ನು ಬಟ್ಟೆಯಲ್ಲಿ ಸುತ್ತಿ ಹೊರಟಳು. ಏನು ಮಾಡುತ್ತಾಳೋ ನನಗೆ ತಿಳಿಯಲಿಲ್ಲ. ಮುಚ್ಚಿಟ್ಟು ತಿನ್ನಿಸಿ, ಗೆದ್ದೆ ಎಂದುಕೊಂಡು ಬರುತ್ತಾಳೆ ಎಂದು ನನ್ನ ಅಂದಾಜು. ಹಾಗೆ ಮಾಡಿದರೂ ನನಗೆ ಅದು ಗೆಲುವಲ್ಲ. ಕದ್ದು ತಿನ್ನಿಸಿದ್ದರಲ್ಲಿ ಏನು ಹೆಚ್ಚುಗಾರಿಕೆ? ಚಪ್ಪಲಿ ಮೆಟ್ಟಿಕೊಂಡು ನಾನೂ ಹಿಂದೆ ಹೋದೆ. ಆ ಮನೆಯ ಅಂಗಳಕ್ಕೆ ನಾನು ಹದಿನೆಂಟು ವರ್ಷದ ಮೇಲೆ ಕಾಲಿಟ್ಟದ್ದು.

ಮಧ್ಯಾಹ್ನ ಮೂರು ದಾಟಿತ್ತು. ಹೊತ್ತು ಮೀರಿ ರುಕ್ಮವ್ವ ಹಸಿವಿನಿಂದ ನಡುಗುತ್ತಿದ್ದಳು. ಹಾಲಿನ ಬಟ್ಟಲು ಆಗಲೇ ಮುಂದಿತ್ತು. ವಿದ್ಯಾವತಿ ತಟ್ಟೆ ಹಿಡಿದು ಬಂದಳು, ಅವ್ವ ಬಟ್ಟೆ ಬಿಚ್ಚಿ ಅದರಲ್ಲಿ ಬ್ರೆಡ್ಡು ಹಾಕಿದಳು. ರುಕ್ಮವ್ವ ಅದನ್ನು ನೋಡಿದಳು. ತಿರುಗಿಸಿ ತಳ ನೋಡಿದಳು.

"ಇವತ್ತ ದುಂಡಗ ಯಾಕ ಐತಿ? ತಳಕ್ಕ ತೂತಿಲ್ಲ?"

ಅವ್ವ ಬಾಯಿ ತೆರೆಯುವುದರೊಳಗೆ ವಿದ್ಯಾವತಿ ನಡುವೆ ಬಂದಳು. ಅವಳಿಗೆ ಎಲ್ಲ ಗೊತ್ತಾಗಿತ್ತು, ಊರಿಗೆಲ್ಲ ಕರೆಂಟು ಹೋದದ್ದು ಅವಳ ಮನೆಗೆ ಹೋಗದೆ ಇದ್ದೀತೇ? "ಮಶೀನಿಗೆ ಬ್ಯಾರೆ ಡಬ್ಬಿ ಹಾಕ್ಯಾರ ಕಾಣತೈತ್ರಿ ಅತ್ತಿ. ತಗೋರಿ, ಹಾಲು ಆರತೈತಿ" ಎಂದಳು.

ರುಕ್ಮವ್ವನ ಕಣ್ಣು ಪಡಸಾಲೆಯ ಫ್ಯಾನಿನ ಕಡೆ ಹೋಯಿತು. ಫ್ಯಾನು ಮುಂಜಾನೆಯಿಂದ ನಿಂತಿತ್ತು. ಅವಳಿಗೂ ಗೊತ್ತಿತ್ತು. ಗೊತ್ತಿದ್ದೂ ಅವಳ ಕೈ ಒಂದು ತುಂಡು ಮುರಿಯಿತು. ಹಬೆ ಎದ್ದಿತು. ಅವಳು ಅವ್ವನ ಕಡೆ ನೋಡಿ, ಎಂದೂ ಇಲ್ಲದ ಮೆತ್ತಗಿನ ದನಿಯಲ್ಲಿ ಕೇಳಿದಳು.

"ಮಶೀನಿಂದನ ಹೌದಲ್ಲ ಸುಂದ್ರಿ? ಕೈ ಹಚ್ಚಿಲ್ಲಲಾ? ಹೂಂ ಅನ್ನು."

ಅದು ಪ್ರಶ್ನೆಯಾಗಿರಲಿಲ್ಲ, ಬೇಡಿಕೆಯಾಗಿತ್ತು. ಹೂಂ ಎಂದರೆ ಸಾಕಿತ್ತು. ಅವ್ವ ಮೂವತ್ತೊಂದು ವರ್ಷ ಕಾದದ್ದು ಆ ತುತ್ತಿನಲ್ಲಿತ್ತು, ಅವಳು ನಾದಿದ ಹಿಟ್ಟು, ಅವಳ ಮನೆಯ ನೀರು, ರುಕ್ಮವ್ವನ ಬಾಯಿಗೆ ಒಂದು ಗೇಣು ದೂರದಲ್ಲಿ.

"ಹಚ್ಚೇನ್ರಿ" ಎಂದಳು ಅವ್ವ. "ಎರಡೂ ಕೈ ಹಚ್ಚಿ ನಾದೇನಿ. ನಮ್ಮ ಕೊಡದಾಗಿನ ನೀರು ಹಾಕೇನಿ. ಇದು ನಾ ಮಾಡಿದ್ದು."

ರುಕ್ಮವ್ವನ ಕೈ ಅಲ್ಲೇ ನಿಂತಿತು. ತುಂಡು ಹಾಲಿಗೂ ಬೀಳಲಿಲ್ಲ, ತಟ್ಟೆಗೂ ಬೀಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವಳು ಅದನ್ನು ತಟ್ಟೆಯಲ್ಲಿಟ್ಟು, ತಟ್ಟೆಯನ್ನು ದೂರ ತಳ್ಳಿದಳು. ಕಣ್ಣಲ್ಲಿ ನೀರು ಬಂದಿತ್ತು. ಹಸಿವಿನದೋ ಸಿಟ್ಟಿನದೋ, ನಾನು ಅದಕ್ಕೆ ಕರಗಲಿಲ್ಲ.

"ಯಾಕ ಹೇಳಿದಿ? ಸುಮ್ಮನಿದ್ದಿದ್ರ ನಾ ತಿಂತಿದ್ನಲ್ಲ" ಎಂದಳು.

"ತಿಂತಿದ್ರಿ. ಅದಕ್ಕ ಹೇಳಿದ್ನಿ" ಎಂದಳು ಅವ್ವ.

ಪಡಸಾಲೆ ಹತ್ತಿದಳು. ಆ ಪಡಸಾಲೆಯನ್ನು ಅವಳು ಅಲ್ಲಿಯ ತನಕ ಹತ್ತಿದ್ದನ್ನು ನಾನು ಕಂಡಿಲ್ಲ. ತಟ್ಟೆಯಿಂದ ಬ್ರೆಡ್ಡನ್ನೂ ಮುರಿದ ತುಂಡನ್ನೂ ಎತ್ತಿ ಬಟ್ಟೆಗೆ ಹಾಕಿ, ಗಂಟು ಕಟ್ಟಿ, ಕೆಳಗಿಳಿದಳು. ದಾರಿಯಲ್ಲಿ ನಾನು ಗಂಟು ಹಿಡಿಯಲು ಕೈ ಚಾಚಿದರೆ ಕೊಡಲಿಲ್ಲ. ಮನೆಗೆ ಬಂದು ಇಬ್ಬರೂ ಖಾರದ ಚಟ್ನಿ ಹಚ್ಚಿಕೊಂಡು ಅದನ್ನು ತಿಂದೆವು. ಮಶೀನಿನದಕ್ಕಿಂತ ಗಟ್ಟಿಯಿತ್ತು. ತಿನ್ನುತ್ತ ತಿನ್ನುತ್ತ ಅವ್ವ ಅತ್ತಳು. ತಾನು ಬೇಕೆಂದದ್ದು ತುಟಿಯ ತನಕ ಬಂದಾಗ ತಾನೇ ತಪ್ಪಿಸಿದ್ದಳಲ್ಲ, ಅಳದೆ ಏನು ಮಾಡಿಯಾಳು? ನನಗೆ ಅವಳ ಕಾಲು ಹಿಡಿಯಬೇಕು ಎನಿಸಿತು. ನಮ್ಮಲ್ಲಿ ಅವೆಲ್ಲ ಮಾಡುವ ರೂಢಿಯಿಲ್ಲ, ಚಹಾ ಮಾಡಿಕೊಟ್ಟೆ.

ಮರುದಿನ ಹತ್ತಕ್ಕೆ ಕರೆಂಟು ಬಂತು. ಹತ್ತೂ ಐದಕ್ಕೆ ವಿದ್ಯಾವತಿ ಕ್ಯಾನು ಹಿಡಿದು ಬಾಗಿಲಿಗೆ ಬಂದಳು. ಅತ್ತೆ ಕಳಿಸಿದ್ದಾರೆ, ಇವತ್ತು ಮಶೀನಿನಲ್ಲೇ ಆಗಬೇಕಂತೆ, ನಿನ್ನೆಯದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದಿದ್ದಾರೆ, ಎಂದು ನೆಲ ನೋಡುತ್ತ ಹೇಳಿದಳು. ನಾನು ಬಾಯಿ ತೆರೆದೆ. ಅವ್ವ ಕೈ ಅಡ್ಡ ಹಿಡಿದು ನನ್ನನ್ನು ಹಿಂದೆ ಸರಿಸಿ ತಾನು ಹೊಸ್ತಿಲಿಗೆ ಬಂದಳು.

"ನೀರು ವಾಪಸ್ ಒಯ್ರಿ ಸಣ್ಣವ್ವಾರ. ಮಶೀನ ಐತಿ, ಕರೆಂಟು ಐತಿ. ನಾ ಒತ್ತಾಂಗಿಲ್ಲ. ಜ್ವಾಳ ಹಸನ ಮಾಡಾಕೂ ಇನ್ನ ಬರಾಂಗಿಲ್ಲ ಅಂತ ಹೇಳ್ರಿ."

ವಿದ್ಯಾವತಿ ಹೋಗುವ ತನಕ ಅವ್ವ ಅಲ್ಲೇ ನಿಂತಿದ್ದಳು. ಆಮೇಲೆ ಒಳಗೆ ಬಂದು, ರೊಟ್ಟಿ ಮಾಡಲು ಒಲೆಯ ಮೇಲೆ ಎಸರು ಇಟ್ಟಳು.